ಇಲ್ಲದ ಪತ್ತೇದಾರನಿಗೊಂದು ಪತ್ರಿಕೆ

ಇಲ್ಲದ ಮನುಷ್ಯನ ಬಗ್ಗೆ ಪತ್ರಿಕೆ ನಡೆಸುತ್ತ ಕೂತರೆ, ಇರುವ ಮನುಷ್ಯರಿಂದ ಆಗುವ ಫಜೀತಿ ಒಂದೆರಡಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ಬಡಿಯುತ್ತದೆ.

ನಮ್ಮ ಪತ್ರಿಕೆಯ ಹೆಸರು ‘ಸುಳಿವು’. ಮೂರು ತಿಂಗಳಿಗೊಮ್ಮೆ ಬರುತ್ತದೆ. ಅದರಲ್ಲಿ ಇರುವುದೆಲ್ಲ ಒಬ್ಬನೇ ಒಬ್ಬನ ಸುದ್ದಿ, ಪತ್ತೇದಾರ ಭುಜಂಗರಾಯನದು. ಹಳೆಯ ಕಾಲದಲ್ಲಿ ರೈಲು ಸ್ಟೇಷನ್ನಿನಲ್ಲಿ ಮಾರುತ್ತಿದ್ದ ಸಣ್ಣ ಕಾದಂಬರಿಗಳ ನಾಯಕ ಅವನು. ಕರಿ ಟೊಪ್ಪಿಗೆ, ಕೈಯಲ್ಲಿ ಕೊಡೆ, ಕೋಟಿನ ಕಿಸೆಯಲ್ಲಿ ಪುಟಾಣಿ. ಆ ಹುರಿಗಡಲೆ ಜಗಿಯುತ್ತಲೇ ಯೋಚನೆ ಮಾಡಿ ಕೊಲೆಗಾರನನ್ನು ಹಿಡಿಯುತ್ತಾನೆ. ಅವನನ್ನು ಬರೆದವರು ತೀರಿಹೋಗಿ ಎಷ್ಟೋ ಕಾಲವಾಯಿತು. ನಾವು ಮಾತ್ರ ಅವನನ್ನು ಬಿಡಲಿಲ್ಲ.

ನಾವು ಅಂದರೆ ಹೈದರಾಬಾದಿನ ಒಂದು ಸರ್ಕಾರಿ ಕಚೇರಿಯ ಕನ್ನಡದವರು, ರಾಯಚೂರು ಬೀದರ ಕಡೆಯ ಮನೆತನಗಳವರು. ಹೊರಗೆಲ್ಲ ತೆಲುಗು, ಹಿಂದಿ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಮಾತ್ರ ಕನ್ನಡ. ಆ ಡಬ್ಬಿಯ ಹೊತ್ತಿನಲ್ಲಿ ಹುಟ್ಟಿದ ಪತ್ರಿಕೆ ಇದು. ಆಮೇಲೆ ಒಬ್ಬರು ಮಗಳ ಹತ್ತಿರ ಪುಣೆಗೆ ಹೋದರು, ಒಬ್ಬರು ವರ್ಗವಾಗಿ ಹೋದರು, ಒಬ್ಬರು ತೀರಿಕೊಂಡರು, ಒಬ್ಬರು ಸಿಟ್ಟು ಮಾಡಿಕೊಂಡು ಹೋದರು. ನಾನು ಮದುವೆಯಾದವಳಲ್ಲ, ವರ್ಗವೂ ಆಗಲಿಲ್ಲ, ಸಿಟ್ಟು ಬಂದರೂ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ. ಹಾಗಾಗಿ ಸಂಪಾದಕಿಯಾದೆ.

ನಿವೃತ್ತಿಯಾಗುವ ಹೊತ್ತಿಗೆ ಊರಿನ ಆ ತುದಿಯಲ್ಲಿ ಹೈಟೆಕ್ ಸಿಟಿ ಎದ್ದು ನಿಂತಿತ್ತು. ಮೆಹದಿಪಟ್ಟಣಂನ ನಮ್ಮ ಅಪಾರ್ಟ್‌ಮೆಂಟಿನ ತುಂಬ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಬಂದರು. ಒಳ್ಳೆಯವರೇ. ಆದರೆ ಕಿವಿಯಲ್ಲಿ ಸದಾ ವೈರು. ಮೆಟ್ಟಿಲ ಮೇಲೆ ಎದುರಾದಾಗ ‘ಊಟ ಆಯ್ತೇನಪ್ಪಾ’ ಅಂತ ತೆಲುಗಿನಲ್ಲಿ ಕೇಳಿದರೆ, ‘ಒಂದು ನಿಮಿಷ’ ಅಂತ ಕೈ ತೋರಿಸಿ ಫೋನಿನಲ್ಲಿ ಮಾತಾಡುತ್ತ ಇಳಿದುಹೋಗುತ್ತಿದ್ದರು. ಆ ನಿಮಿಷ ಮುಗಿಯುತ್ತಿರಲಿಲ್ಲ.

ಗೋತ್ರ

ಮನೆ ಬಾಗಿಲಿಗೆ ಒಂದು ಬೋರ್ಡು ಬರೆಸಿದ್ದೆ: ‘ಪತ್ತೇದಾರ ಭುಜಂಗರಾಯ ಅಧ್ಯಯನ ಕೂಟ’. ಪೇಂಟರನಿಗೆ ಜಾಗ ಸಾಲಲಿಲ್ಲ. ‘ಪತ್ತೇದಾರ ಭುಜಂಗರಾಯ’ ಎಂಬುದನ್ನು ಮೆಟ್ಟಿಲ ಕೆಳಗಿನವರೆಗೂ ಕಾಣುವಂತೆ ದೊಡ್ಡದಾಗಿ ಬರೆದು, ‘ಅಧ್ಯಯನ ಕೂಟ’ವನ್ನು ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ತುರುಕಿದ್ದ.

ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಬಂದರು. ನಮ್ಮ ಕಡೆಯವರೇ, ಗಂಡನ ನೌಕರಿಗಾಗಿ ಇಲ್ಲಿಗೆ ಬಂದು ನೆಲೆಸಿದವರು. ಕೂತವರೇ ದನಿ ತಗ್ಗಿಸಿದರು.

“ಮಗಳಿಗೆ ಒಂದು ಸಂಬಂಧ ಬಂದೈತ್ರಿ. ಹುಡುಗ ಗಚ್ಚಿಬೌಲಿ ಕಡೆ ಕಂಪನಿಯೊಳಗ ಅದಾನ. ಸಂಜೀಕ ಕೆಲಸಕ್ಕ ಹೋಗಿ ಮುಂಜಾನೆ ಮನಿಗೆ ಬರ್ತಾನಂತ. ಹಂಗ ಹೋಗಿ ಹಿಂಗ ಬರೋದು ಯಾವ ಮರ್ಯಾದಸ್ತರ ಕೆಲಸಾರಿ? ಪತ್ತೆ ಹಚ್ಚಿ ಹೇಳ್ರಿ.”

ಅಮೆರಿಕದವರ ಹಗಲಿಗೆ ನಮ್ಮ ಹುಡುಗರು ದುಡಿಯುತ್ತಾರೆ, ಹೆದರಬೇಡಿ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. “ನಿಮ್ಮ ಭುಜಂಗರಾಯರನ್ನ ಒಮ್ಮೆ ಕಳಸ್ರಿ, ನೋಡಿ ಬರಲಿ” ಎಂದರು.

“ಅವರು ಕತಿಯೊಳಗಿನವರ್ರಿ.”

“ಎಲ್ಲಿಯವರಾದರೂ ಇರಲಿ ಬಿಡ್ರಿ. ಮನಷ್ಯಾ ಹೆಂಗ?”

ಇಂಥ ಪ್ರಶ್ನೆಯನ್ನು ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ಚಹಾ ಮಾಡಿ ಕೊಟ್ಟು ಹೇಳತೊಡಗಿದೆ. ಭುಜಂಗರಾಯ ಸುಳ್ಳು ಹೇಳುವವನಲ್ಲ, ಕುಡಿಯುವವನಲ್ಲ. ಕೊಲೆಗಾರನನ್ನೂ ಬಹುವಚನದಲ್ಲೇ ಮಾತಾಡಿಸುತ್ತಾನೆ. ತನ್ನ ಅಂಗಿ ತಾನೇ ಒಗೆದುಕೊಳ್ಳುತ್ತಾನೆ. ಆಕೆ ಅಲ್ಲಾಡದೆ ಕೇಳಿದರು. ಚಹಾ ಆರಿತು, ಹೊರಗೆ ಬಿಸಿಲು ಇಳಿಯಿತು. ನನಗೆ ಹೊಟ್ಟೆ ತುಂಬಿದಂತಾಯಿತು. ಒಬ್ಬ ಓದುಗರು ಸಿಕ್ಕರು ಅಂದುಕೊಂಡೆ.

ಆಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು, “ಅವರಿಗೆ ಮದುವಿ ಆಗೇತೇನ್ರಿ?”

“ಇಲ್ರಿ.”

“ಗೋತ್ರ ಯಾವುದು?”

ಇಷ್ಟು ವರ್ಷಗಳ ಸಂಚಿಕೆಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. “ಅದರ ಮ್ಯಾಲ ಇನ್ನೂ ಯಾರೂ ಲೇಖನ ಬರದಿಲ್ರಿ” ಎಂದೆ.

ಎಡವೋ ಬಲವೋ

ಭುಜಂಗರಾಯ ಸ್ವಲ್ಪ ಕುಂಟುತ್ತಾನೆ. ಅವನನ್ನು ಬರೆದವರು ಮರೆವಿನ ಮನುಷ್ಯ. ಒಂದು ಕಾದಂಬರಿಯಲ್ಲಿ ಎಡಗಾಲು ಎಳೆಯುತ್ತಾನೆ, ಇನ್ನೊಂದರಲ್ಲಿ ಬಲಗಾಲು. ಇದರ ಮೇಲೆ ನಮ್ಮ ಪತ್ರಿಕೆಯಲ್ಲಿ ಇಬ್ಬರು ಓದುಗರು ಯುದ್ಧವನ್ನೇ ಹೂಡಿದ್ದರು.

ರಾಯಚೂರಿನ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರರು ಬಲಗಾಲಿನ ಪಕ್ಷ. ಇಲ್ಲೇ ನಾಚಾರಂನಲ್ಲಿ ಕಾರ್ಖಾನೆ ಕೆಲಸಗಾರರಿಗೆ ಔಷಧಿ ಕೊಡುತ್ತಿದ್ದ ಹೋಮಿಯೋಪಥಿ ಡಾಕ್ಟರು ಎಡಗಾಲಿನ ಪಕ್ಷ. ಅವರು ಕೆಸರಿನ ಹೆಜ್ಜೆಗುರುತು ತೋರಿಸಿದರೆ ಇವರು ಕೊಡೆಯನ್ನು ಯಾವ ಕೈಯಲ್ಲಿ ಊರುತ್ತಿದ್ದ ಎಂದು ತೋರಿಸುವರು. ‘ಡಾಕ್ಟರರಿಗೆ ಮನುಷ್ಯನ ಕಾಲುಗಳ ಪರಿಚಯವಿದ್ದಂತಿಲ್ಲ’ ಎಂದು ಅವರು. ‘ರೈಲಿಗೆ ಕಾಲಿಲ್ಲವೆಂಬುದನ್ನು ಮಾಸ್ತರರು ನೆನಪಿಡಬೇಕು’ ಎಂದು ಇವರು. ಪ್ರತಿ ಸಂಚಿಕೆಗೂ ಇಬ್ಬರಿಂದ ಲೇಖನ ಬಂದೇ ಬರುತ್ತಿತ್ತು. ಒಬ್ಬರನ್ನೊಬ್ಬರು ಕಂಡವರಲ್ಲ.

ಒಂದು ವರ್ಷ ವಾರ್ಷಿಕ ಕೂಟವನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಇಬ್ಬರೂ ಬರುತ್ತೇವೆ ಎಂದರು. ಇನ್ನೇನು ಕುಸ್ತಿಯೇ ಆಗುತ್ತದೆಂದು ಗಾಜಿನ ಲೋಟಗಳನ್ನು ಒಳಗಿಟ್ಟು ಸ್ಟೀಲಿನವನ್ನು ಹೊರಗೆ ತೆಗೆದೆ. ಅವತ್ತೇ ಲಿಫ್ಟು ಕೆಟ್ಟಿತು. ಮೇಲಿನಿಂದ ಬಗ್ಗಿ ನೋಡುತ್ತಿದ್ದೆ. ಮೊದಲು ಮಾಸ್ತರರು, ಅವರ ಹಿಂದೆಯೇ ಡಾಕ್ಟರು, ಮೆಟ್ಟಿಲು ಹತ್ತುತ್ತಿದ್ದರು. ಇಬ್ಬರೂ ಕುಂಟುತ್ತಿದ್ದರು. ಮಾಸ್ತರರದು ಬಲಗಾಲು. ಡಾಕ್ಟರರದು ಎಡಗಾಲು.

ನಾನು ನೋಡಿದೆ. ಅವರೂ ಪರಸ್ಪರ ನೋಡಿಕೊಂಡರು. ತಿರುವಿನಲ್ಲಿ ಇಬ್ಬರೂ ನಿಂತರು. ಮಾಸ್ತರರು ಡಾಕ್ಟರರ ಮೊಣಕಾಲನ್ನೇ ನೋಡುತ್ತ ಕೇಳಿದರು.

“ನೀವು ಯಾವ ಎಣ್ಣಿ ಹಚ್ಕೋತೀರಿ?”

“ನಾನು ಹೋಮಿಯೋಪಥಿ ಡಾಕ್ಟರ್ರಿ.”

“ಅದು ಗೊತ್ತೈತಿ. ಎಣ್ಣಿ ಯಾವುದು?”

ಡಾಕ್ಟರು ಆಚೀಚೆ ನೋಡಿ, ಸಣ್ಣ ದನಿಯಲ್ಲಿ ಎಣ್ಣೆಯ ಹೆಸರು ಹೇಳಿದರು. ಆಮೇಲೆ ಸಂಜೆವರೆಗೂ ಮೊಣಕಾಲಿನದೇ ಮಾತು. ಮನೆಯಲ್ಲಿ ಯಾರೂ ಕೇಳುವವರಿಲ್ಲದ ನೋವನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡರು. ಭುಜಂಗರಾಯನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಹೋಗುವಾಗ ಒಂದೇ ಆಟೋದಲ್ಲಿ ಹೋದರು. ಜಗಳ ಮುಗಿಯಿತು, ಪತ್ರಿಕೆಯ ನಾಲ್ಕು ಪುಟ ಖಾಲಿ ಬಿದ್ದವು ಎಂದು ನಾನು ಹಣೆ ಒತ್ತಿಕೊಂಡೆ.

ಮುಂದಿನ ಸಂಚಿಕೆಗೆ ಎಂದಿನಂತೆ ಇಬ್ಬರ ಲೇಖನವೂ ಬಂತು. ಆಳವಾಗಿ ಯೋಚಿಸಿದಾಗ ಎಡಗಾಲೇ ಸರಿ ಎನಿಸುತ್ತದೆ ಎಂದು ಮಾಸ್ತರರು ಬರೆದಿದ್ದರು. ಡಾಕ್ಟರು, ಬಲಗಾಲೇ ಸರಿ ಎಂದು. ಜಗಳ ಮತ್ತೆ ಮೊದಲಿನಿಂದ ಶುರುವಾಯಿತು.

ಕಿಕ್ಕಿರಿದ ಸಭೆ

ವರ್ಷಕ್ಕೊಮ್ಮೆ ನಾನೊಂದು ಉಪನ್ಯಾಸ ಕೊಡುತ್ತಿದ್ದೆ. ಕೇಳಲು ಬರುವವರಲ್ಲಿ ಒಬ್ಬರು ಖಂಡಿತ ಸಭಾಂಗಣಕ್ಕೆ ಬೀಗ ಹಾಕುವವರು. ಒಂದು ಸಲ ಅಮೀರ್‌ಪೇಟೆಯಲ್ಲಿ ಒಂದು ಸಭಾಂಗಣ ಸಿಕ್ಕಿತು. ಆಗ ಅಮೀರ್‌ಪೇಟೆ ಅಂದರೆ ಗೋಡೆ ಗೋಡೆಗೂ ಕಂಪ್ಯೂಟರ್ ಕ್ಲಾಸಿನ ಬೋರ್ಡು.

ಬಾಗಿಲು ತೆರೆದು ನೋಡಿದರೆ ಕುರ್ಚಿಯೆಲ್ಲ ತುಂಬಿ, ಗೋಡೆಗೆ ಆತು ನಿಂತವರೂ ಇದ್ದಾರೆ! ಎಲ್ಲ ಚಿಕ್ಕ ವಯಸ್ಸಿನವರು. ಹುಡುಗರಿಗೆ ಟೈ, ಹುಡುಗಿಯರಿಗೆ ಇಸ್ತ್ರಿ ಮಾಡಿದ ದುಪಟ್ಟಾ, ಎಲ್ಲರ ತೊಡೆಯ ಮೇಲೂ ಫೈಲು. ನಾನು ಒಳಗೆ ಬಂದದ್ದೇ ತಡ, ಎಲ್ಲರೂ ಎದ್ದು ನಿಂತರು. ನನಗೆ ಯಾರಾದರೂ ಎದ್ದು ನಿಂತು ಎಷ್ಟು ದಿನವಾಗಿತ್ತೋ.

ಕನ್ನಡದಲ್ಲಿ ಶುರು ಮಾಡಿದೆ. ಒಬ್ಬ ಕೈ ಎತ್ತಿ, “ಮೇಡಂ, ಇಂಗ್ಲಿಷ್ ಪ್ಲೀಸ್” ಎಂದ. ನೋಡಿ, ಭಾಷೆ ಬಾರದವರೂ ಬಂದಿದ್ದಾರೆ ಎಂದು ಇನ್ನೂ ಉಬ್ಬಿದೆ. ಬರುವಷ್ಟು ಇಂಗ್ಲಿಷಿನಲ್ಲಿ ಭುಜಂಗರಾಯನ ಒಂದು ಪ್ರಕರಣ ಹೇಳಿದೆ: ಒಳಗಿನಿಂದ ಅಗಳಿ ಹಾಕಿದ ಕೋಣೆ, ಸತ್ತ ಸಾಹುಕಾರ, ಹೊರಗೆ ಜೋರು ಮಳೆ, ಮೂಲೆಯಲ್ಲಿ ಒಂದು ಹನಿಯೂ ತಾಗದ ಕೊಡೆ. ಕೊಲೆಗಾರ ಯಾರು? ಪೆನ್ನುಗಳು ಓಡಿದವು. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ಮಳೆ ಬರುವ ಮುಂಚೆಯೇ ಒಳಗೆ ಬಂದವನು ಎಂದು ಶುರು ಮಾಡಿ, ಭುಜಂಗರಾಯನಿಗಿಂತ ಬೇಗ ಅವನನ್ನು ಹಿಡಿದುಬಿಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಚಪ್ಪಾಳೆ ಹೊಡೆದರು.

ಮುಗಿದ ಮೇಲೆ ಸಾಲಾಗಿ ಬಂದರು. ಚಂದಾ ಕೊಡಲು ಬಂದರು ಎಂದುಕೊಂಡು ರಸೀದಿ ಪುಸ್ತಕ ತೆಗೆದೆ. ಒಬ್ಬೊಬ್ಬರೂ ನನ್ನ ಕೈಗೆ ತಮ್ಮ ಬಯೋಡೇಟಾ ಇಟ್ಟರು.

“ಮೇಡಂ, ಸೆಕೆಂಡ್ ರೌಂಡ್ ಎಲ್ಲಿ?”

ಮೇಲಿನ ಮಹಡಿಯಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯ ಇಂಟರ್‌ವ್ಯೂ ಇತ್ತಂತೆ. ಇವರು ಮಹಡಿ ತಪ್ಪಿದ್ದರು. ಅಷ್ಟು ಶ್ರದ್ಧೆಯಿಂದ ಕೇಳಿದ ಮಕ್ಕಳಿಗೆ ಏನು ಹೇಳಲಿ? “ನೀವೆಲ್ಲ ಪಾಸ್. ಮೇಲೆ ಹೋಗಿ” ಎಂದೆ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಬೆವರು ಒರೆಸಿಕೊಳ್ಳುತ್ತ ಒಬ್ಬ ಅಧಿಕಾರಿ ಇಳಿದು ಬಂದ. ಇಷ್ಟು ಮಂದಿಯನ್ನು ಪಾಸ್ ಮಾಡಿದವರು ಯಾರು ಎಂದು ತೆಲುಗಿನಲ್ಲಿ ಕೂಗಿದ.

“ಭುಜಂಗರಾಯರು” ಎಂದೆ.

ಅವನು ತಟ್ಟನೆ ದನಿ ಇಳಿಸಿದ. “ಓಹ್. ಹೆಡ್ ಆಫೀಸಿನವರಾ?” ಎಂದು ಕೇಳಿ, ಸರ್ ಹೇಳಿದ ಮೇಲೆ ಆಯ್ತು ಎನ್ನುತ್ತ ಮೇಲೆ ಹೋದ.

ಶ್ರದ್ಧಾಂಜಲಿ

ಪತ್ರಿಕೆಯನ್ನು ಅಚ್ಚಿಗೆ ಜೋಡಿಸುತ್ತಿದ್ದ ಆಪರೇಟರ್ ತೆಲುಗಿನವನು. ಅಕ್ಷರಗಳು ಅಣ್ಣ ತಮ್ಮಂದಿರ ಹಾಗೆ ಇರುವುದರಿಂದ ಕನ್ನಡ ಓದುತ್ತಿದ್ದ, ಅರ್ಥ ಮಾತ್ರ ಆಗುತ್ತಿರಲಿಲ್ಲ. ಒಂದು ಸಂಚಿಕೆಯಲ್ಲಿ ಎರಡು ಫೋಟೋ ಇದ್ದವು. ಒಬ್ಬರು ತೀರಿಕೊಂಡ ಹಳೆಯ ಓದುಗರು. ಇನ್ನೊಬ್ಬರು ಆಜೀವ ಸದಸ್ಯರಾಗಿ ಹೊಸದಾಗಿ ಸೇರಿದವರು, ಪಟಾನ್‌ಚೆರು ಕಡೆ ಔಷಧಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಫೋಟೋಗಳು ಅದಲು ಬದಲಾದವು. ತೀರಿಕೊಂಡವರ ಮುಖದ ಕೆಳಗೆ ‘ಆಜೀವ ಸದಸ್ಯರಿಗೆ ಸ್ವಾಗತ’. ಜೀವಂತ ಇರುವವರ ಮುಖದ ಕೆಳಗೆ ‘ಶ್ರದ್ಧಾಂಜಲಿ’.

ಅಂಚೆಗೆ ಹಾಕಿದ ಮೇಲೆ ನೋಡಿದೆ. ಮೊದಲು ತೀರಿಕೊಂಡವರ ಹೆಂಡತಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಆಕೆ ನನ್ನ ಮಾತು ತಡೆದು ಕೇಳಿದರು.

“ಆಜೀವ ಸದಸ್ಯ ಅಂದ್ರ ಪತ್ರಿಕೆ ಬರ್ತಾನ ಇರ್ತೈತೇನ್ರಿ?”

“ಹೌದ್ರಿ, ಆದರ...”

“ಹಂಗಾರ ಇರಲಿ ಬಿಡ್ರಿ. ಅವರ ಹೆಸರಿಗೇ ಕಳಸ್ರಿ. ಪೋಸ್ಟ್‌ಮನ್ ಬಾಗಲದಾಗ ನಿಂತು ಅವರ ಹೆಸರು ಹಿಡದು ಕೂಗ್ತಾನ. ಈಗ ಮತ್ತ್ಯಾರೂ ಕೂಗೂದಿಲ್ಲ.”

ಫೋನು ಇಟ್ಟು, ಚಂದಾದಾರರ ಪಟ್ಟಿಯಲ್ಲಿ ಅವರ ಹೆಸರನ್ನು ಹಾಗೇ ಉಳಿಸಿದೆ. ಆಮೇಲೆ ಧೈರ್ಯ ಮಾಡಿ ಜೀವಂತ ಇದ್ದವರಿಗೆ ಹಚ್ಚಿದೆ. ಅವರೇ ಎತ್ತಿದರು.

“ಓದಿದ್ನಿರಿ” ಎಂದರು. “‘ಸಜ್ಜನರು, ಸ್ನೇಹಜೀವಿ, ಅವರಿಲ್ಲದ ಕೂಟ ಬಿಕೋ ಎನ್ನುತ್ತದೆ.’ ಭಾಳ ಛಂದ ಬರದೀರಿ.”

“ತಪ್ಪಾಯ್ತು ನೋಡ್ರಿ. ಮುಂದಿನ ಸಂಚಿಕಿಯೊಳಗ ತಿದ್ದುಪಡಿ ಹಾಕ್ತೀನಿ.”

“ಏ, ಬ್ಯಾಡ್ರಿ! ಸೊಸಿಗೆ ಓದಿ ತೋರಿಸೀನಿ. ಅವತ್ತಿನಿಂದ ಎರಡು ಸರ್ತೆ ಚಹಾ ಸಿಗಾಕತ್ತೈತಿ. ನೀವು ತಿದ್ದುಪಡಿ ಹಾಕಿ ನನ್ನ ಮತ್ತ ಬದುಕಿಸಬ್ಯಾಡ್ರಿ.”

ಸಂಪಾದಕಿ ನಾಪತ್ತೆ

ಒಂದು ಬೇಸಿಗೆಯಲ್ಲಿ ನನಗೆ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು ಎಂದರು. ಯಾರಿಗೆ ಹೇಳುವುದು? ಅಣ್ಣ ಅತ್ತಿಗೆ ಇದ್ದವರು ಹೋಗಿ ವರ್ಷಗಳಾಗಿದ್ದವು. ಎದುರು ಮನೆಯ ಹುಡುಗನಿಗೆ ಹೇಳೋಣವೆಂದರೆ ಅವನ ಕಿವಿಯಲ್ಲಿ ವೈರು. ವಾಚ್‌ಮನ್ನನಿಗೆ ಆಸ್ಪತ್ರೆಯ ಹೆಸರು ಹೇಳಿ, ಹಾಲು ಬೇಡವೆಂದು ಹೇಳಿಸಿ, ಬಾಡಿಗೆ ಕಾರು ತರಿಸಿಕೊಂಡು ಹೊರಟೆ.

ಆಸ್ಪತ್ರೆಯಲ್ಲಿ ಕೇರಳದ ನರ್ಸು ತನಗೆ ಬರುವಷ್ಟು ಹಿಂದಿಯಲ್ಲಿ ಕೇಳಿದಳು, “ಅಮ್ಮಾ, ಜೊತೆಗೆ ಯಾರು?”

“ಬರ್ತಾರೆ” ಎಂದೆ.

ಆಪರೇಷನ್ ಆಯಿತು. ಜ್ವರ ಬಂದು ಅಲ್ಲೇ ಉಳಿಯಬೇಕಾಯಿತು. ಅವಳು ದಿನವೂ ಕೇಳುತ್ತಿದ್ದಳು, ನಾನು ದಿನವೂ ‘ಬರ್ತಾರೆ’ ಎನ್ನುತ್ತಿದ್ದೆ. ಕೊನೆಗೆ ಕೇಳುವುದನ್ನು ಬಿಟ್ಟಳು. ಅವಳು ಕೇಳದೆ ಹೋದ ದಿನ ನನಗೆ ಬಹಳ ಬೇಜಾರಾಯಿತು. ಬಾಜು ಮಂಚದಲ್ಲಿ ಹಳೇ ಊರಿನ ಒಬ್ಬ ಮುದುಕಿ ಬೀಬಿ ಮಲಗಿದ್ದರು. ತಮ್ಮ ಗಂಡುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳ ಹೆಸರೆಲ್ಲ ನನಗೆ ಹೇಳಿ ಮುಗಿಸಿ, “ನಿನಗೆ?” ಎಂದು ಕೇಳಿದರು. ನಾನು ಗೋಡೆ ಕಡೆ ಹೊರಳಿದೆ. ‘ಸುಳಿವು’ ಮೊದಲ ಸಲ ತಡವಾಗಿತ್ತು. ಬಾರದಿದ್ದರೂ ಯಾರಿಗೆ ತಿಳಿಯುತ್ತದೆ? ಇಲ್ಲಿಗೇ ನಿಲ್ಲಿಸಿಬಿಡೋಣ ಎಂದು ಮಲಗಿದಲ್ಲೇ ನಿರ್ಧಾರ ಮಾಡಿದೆ.

ಅತ್ತ ಓದುಗರಿಗೆ ತಿಳಿದಿತ್ತು. ಪತ್ರಿಕೆ ಬಂದಿಲ್ಲ, ಫೋನು ಎತ್ತುತ್ತಿಲ್ಲ. ಗುಲ್ಬರ್ಗಾದ ಒಬ್ಬ ಹೆಡ್‌ಮಾಸ್ತರು, ಬೀದರಿನಲ್ಲಿ ಹೊಲಿಗೆ ಅಂಗಡಿ ಇಟ್ಟ ಒಬ್ಬ ಅಕ್ಕ, ಸಿಕಂದರಾಬಾದಿನ ಒಬ್ಬ ಬ್ಯಾಂಕ್ ಕ್ಯಾಶಿಯರ್, ಮೂವರೂ ತಮ್ಮೊಳಗೆ ಮಾತಾಡಿಕೊಂಡು ನನ್ನ ಮನೆ ಮುಂದೆ ಕೂಡಿದರು. ಬೀಗ. ಭುಜಂಗರಾಯನನ್ನು ಅರೆದು ಕುಡಿದವರು. ಸುಮ್ಮನೆ ಬಿಡುತ್ತಾರೆಯೇ? ಹೆಡ್‌ಮಾಸ್ತರು ಕಿಸೆಯಲ್ಲಿ ಪುಟಾಣಿ ಬೇರೆ ತಂದಿದ್ದರು. ಆಮೇಲಿನದನ್ನೆಲ್ಲ ವಾಚ್‌ಮನ್ ನನಗೆ ನಟಿಸಿ ತೋರಿಸಿದ್ದು.

ಬಾಗಿಲ ಹೊರಗಿನ ಚಪ್ಪಲಿ ಗೂಡು ನೋಡಿ ಹೆಡ್‌ಮಾಸ್ತರು, “ಹಳೇ ಚಪ್ಪಲಿ ಇಲ್ಲೇ ಅದಾವ. ಹೊಸಾ ಚಪ್ಪಲಿ ಮೆಟಗೊಂಡು ಹೋಗ್ಯಾರ. ಅಂದ್ರ ಖುಷಿಯಿಂದ ಹೋಗ್ಯಾರ” ಎಂದರು.

ಅಕ್ಕ ಕೆಳಗೆ ನಿಂತು ನಮ್ಮ ಬಾಲ್ಕನಿ ನೋಡಿದರು. ಹಗ್ಗದ ಮೇಲೆ ನಾನು ತೆಗೆಯಲು ಮರೆತ ರೇಷ್ಮೆ ರವಿಕೆ. “ತೋಳಿಗೆ ಹೊಸಾ ಜರಿ ಹಚ್ಚಿಸ್ಯಾರ. ಈ ವಯಸ್ಸಿನ್ಯಾಗ ಸುಮ್‌ಸುಮ್ಕ ಯಾರೂ ಜರಿ ಹಚ್ಚಿಸೂದಿಲ್ರಿ.”

ಕ್ಯಾಶಿಯರ್ ಎದುರು ಮನೆಯ ಹುಡುಗನನ್ನು ನಿಲ್ಲಿಸಿ ಕೇಳಿದರು. ಅವನು ಕೈ ಎತ್ತಿ ‘ಒಂದು ನಿಮಿಷ’ ಎಂದು ಇಳಿದುಹೋದ. “ಇವನಿಗೆ ಎಲ್ಲಾ ಗೊತ್ತೈತಿ. ಬಾಯಿ ಮುಚ್ಚಿಸ್ಯಾರ” ಎಂದರು ಕ್ಯಾಶಿಯರ್.

ಆಮೇಲೆ ವಾಚ್‌ಮನ್ನನ ವಿಚಾರಣೆ. ಅಮ್ಮ ಹೋಗುವಾಗ ಕಾರು ಬಂದಿತ್ತೇ? ಬಂದಿತ್ತು. ಕಾರಿನಲ್ಲಿ ಗಂಡಸು ಇದ್ದನೇ? ಇದ್ದ, ಡ್ರೈವರ್. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಡ್ರೈವರ್ ವೇಷದಾಗ ಬಂದಾನ” ಎಂದರು ಹೆಡ್‌ಮಾಸ್ತರು. ಅಲ್ಲಿಗೆ ತೀರ್ಮಾನವಾಯಿತು. ಸಂಪಾದಕಿ ಯಾರನ್ನೋ ಮದುವೆಯಾಗಿ ಓಡಿಹೋಗಿದ್ದಾರೆ.

“ಛಲೋ ಆತು ಬಿಡ್ರಿ, ಒಬ್ಬಾಕೀನೇ ಇದ್ರು” ಎಂದು ಅಕ್ಕ ಕಣ್ಣು ಒರೆಸಿಕೊಂಡರು. ಹೊರಡುವ ಮುಂಚೆ ವಾಚ್‌ಮನ್ನನನ್ನು, ಇಲ್ಲಿ ಒಳ್ಳೆಯ ಚಹಾ ಎಲ್ಲಿ ಸಿಗುತ್ತದಪ್ಪಾ ಎಂದು ಕೇಳಿದರು.

“ಅಮ್ಮ ಇರುವ ದವಾಖಾನೆಯ ಎದುರಿಗೆ” ಎಂದ ಅವನು.

ಮೂವರೂ ಅವನ ಮೇಲೆ ಬಿದ್ದರಂತೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು. “ನೀವು ಚಪ್ಪಲಿ ಕೇಳಿದಿರಿ, ಕಾರು ಕೇಳಿದಿರಿ. ಅಮ್ಮ ಎಲ್ಲಿ ಅಂತ ಕೇಳಲೇ ಇಲ್ಲ” ಎಂದನಂತೆ.

ವಾರ್ಡಿನ ಬಾಗಿಲಲ್ಲಿ ನರ್ಸು ಅವರನ್ನು ತಡೆದಳು. ಮನೆಯವರಿಗೆ ಮಾತ್ರ ಪ್ರವೇಶ. “ನೀವು ಪೇಶೆಂಟಿಗೆ ಏನಾಗಬೇಕು?”

ಹೆಡ್‌ಮಾಸ್ತರು ಸುಳ್ಳು ಹೇಳುವವರಲ್ಲ. ಎದೆ ಸೆಟೆಸಿ, “ಚಂದಾದಾರರು” ಎಂದರು.

ಅವಳು ಆ ಸಂಬಂಧವನ್ನು ಕೇಳಿದವಳಲ್ಲ. ಮೈದುನ, ಭಾವಮೈದುನ, ಬೀಗರಿಗೆಲ್ಲ ಹಿಂದಿಯಲ್ಲಿ ದೇವರ್, ಸಾಲಾ, ಸಮಧಿ ಎಂದು ನೂರಾರು ಹೆಸರು ಇರುತ್ತವಲ್ಲ, ಇದೂ ಅಂಥದೇ ಇರಬೇಕು ಅಂದುಕೊಂಡಳು. ನನ್ನ ಮಂಚದ ಹತ್ತಿರ ಓಡಿ ಬಂದು, ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು: “ಅಮ್ಮಾ! ಆಪ್ಕಾ ಚಂದಾದಾರ್ ಆಯಾ!”

ಅವಳ ಹಿಂದೆ ಮೂವರೂ ನಿಂತಿದ್ದರು, ಕೈಯಲ್ಲಿ ಬಾಳೆಹಣ್ಣು. ನನಗೆ ಅಳು ಬಂತು. ಹೊಲಿಗೆ ಹಾಕಿದ ಹೊಟ್ಟೆ, ಅಳಲೂ ಆಗದು, ನಗಲೂ ಆಗದು. ಹೆಡ್‌ಮಾಸ್ತರು ನನ್ನ ಮಂಚವನ್ನೊಮ್ಮೆ, ಔಷಧಿ ಬಾಟಲಿಯನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

“ನೀವು ಓಡಿ ಹೋಗಿದ್ರ ಎಷ್ಟು ಛಲೋ ಇತ್ರಿ. ನಮ್ಮದು ಒಂದೂ ಸುಳಿವು ತಪ್ತಿರಲಿಲ್ಲ.”

ಬೀದರಿನ ಅಕ್ಕ ವಾಪಸು ಹೋಗಲಿಲ್ಲ. ಮಂಚದ ಬಾಜು ಸ್ಟೂಲಿನ ಮೇಲೆ ಕೂತು ನನ್ನ ತಲೆ ಬಾಚಿದರು. ಕ್ಯಾಶಿಯರ್ ಬ್ಯಾಂಕು ಮುಗಿಸಿಕೊಂಡು ದಿನವೂ ಬಂದು, ತಡವಾದ ಸಂಚಿಕೆಯ ಕರಡು ತಿದ್ದಿದರು. ಸುದ್ದಿ ಹಬ್ಬಿ ಇನ್ನಷ್ಟು ಓದುಗರು ಬಂದರು. ಪ್ರತಿ ಸಲವೂ ನರ್ಸು, “ಅಮ್ಮಾ, ಔರ್ ಏಕ್ ಚಂದಾದಾರ್!” ಎಂದು ಕೂಗುವಳು.

ಬಾಜು ಮಂಚದ ಬೀಬಿ ಇದನ್ನೆಲ್ಲ ನೋಡುತ್ತಲೇ ಇದ್ದರು. ಅಷ್ಟು ದಿನದಲ್ಲಿ ಅವರ ಹತ್ತಿರ ಒಬ್ಬ ಅಳಿಯ ಬಂದು, ನಿಂತಲ್ಲೇ ಫೋನಿನಲ್ಲಿ ಮಾತಾಡಿ ಹೋಗಿದ್ದ. ಕೊನೆಗೆ ತಡೆಯಲಾರದೆ ನರ್ಸಿನ ಕೈ ಹಿಡಿದು ಕೇಳಿದರು:

“ಮೇರೆ ಕು ಬೇಟೇ ಹೈ, ಬಹೂ ಹೈ, ದಾಮಾದ್ ಹೈ. ಸಬ್ ಹೈ ಅಮ್ಮಾ. ಯೇ ಚಂದಾದಾರ್ ಹೋನಾ ಬೋಲೇ ತೋ ಕಿಸ್ಸೆ ಶಾದಿ ಕರ್ನಾ ಪಡ್ತಾ?”

ಮಕ್ಕಳು, ಸೊಸೆ, ಅಳಿಯ, ಎಲ್ಲ ಇದ್ದಾರೆ. ಈ ಚಂದಾದಾರರು ಬೇಕೆಂದರೆ ಯಾರನ್ನು ಮದುವೆಯಾಗಬೇಕು ಅಂತ!